ಗಾಡಿಮನೆಯವರ ಬೀಡೂ ನಮ್ಮ ಗೋಮಾಳವೂ

ಅಮೆರಿಕದಲ್ಲಿ ವರ್ಷವಿಡೀ ಮೋಟಾರು ವಾಹನದಲ್ಲಿಯೇ ವಾಸಿಸುವವರ ಆಡುಮಾತಿನಲ್ಲಿ ‘ಬೂನ್‌ಡಾಕಿಂಗ್’ ಎಂಬ ಪದವೊಂದಿದೆ. ನಲ್ಲಿ, ವಿದ್ಯುತ್ತು, ಒಳಚರಂಡಿ ಯಾವುದೂ ಇಲ್ಲದ ಬಯಲಿನಲ್ಲಿ ಗಾಡಿ ನಿಲ್ಲಿಸಿ ಬೀಡುಬಿಡುವುದೆಂದು ಅದರ ಅರ್ಥ. ಪದದ ಮೂಲವನ್ನು ಅರಸುತ್ತ ಹೋದರೆ ಅದು ಫಿಲಿಪ್ಪೀನ್ಸಿನ ಟಗಾಲೊಗ್ ಭಾಷೆಯ ‘ಬುಂದೊಕ್’ಗೆ ಮುಟ್ಟುತ್ತದೆ. ಬುಂದೊಕ್ ಎಂದರೆ ಬೆಟ್ಟ. ಆ ದ್ವೀಪಗಳನ್ನು ಆಕ್ರಮಿಸಿದ್ದ ಅಮೆರಿಕದ ಸೈನಿಕರು ಈ ಪದವನ್ನು ತಮ್ಮೊಡನೆ ಊರಿಗೆ ಹೊತ್ತು ತಂದರು. ಅವರ ಬಾಯಲ್ಲಿ ಬೆಟ್ಟವೆಂಬುದು ‘ಯಾರೂ ಇಲ್ಲದ ಮೂಲೆ’ ಎಂಬ ಅರ್ಥವನ್ನು ಪಡೆಯಿತು. ಬೆಟ್ಟದಲ್ಲಿಯೇ ಹುಟ್ಟಿ ಬೆಳೆದ ನಮಗೆ ಈ ಅರ್ಥಾಂತರ ತೀರ ಹೊಸದೇನೂ ಅಲ್ಲ. ಕಚೇರಿಯ ಕಡತಗಳಲ್ಲಿ ನಮ್ಮ ಊರುಗಳೂ ಎಷ್ಟೋ ಬಾರಿ ಹಾಗೆಯೇ ನಮೂದಾಗುತ್ತವೆ.

ದೂರದೇಶದ ಈ ಗಾಡಿಮನೆಗಳ ಮಾತು ನಮ್ಮ ಪತ್ರಿಕೆಗೇಕೆ ಎಂದು ಓದುಗರು ಕೇಳಬಹುದು. ಕಾರಣವಿದೆ. ಕರ್ನಾಟಕದ 2020ರ ಪ್ರವಾಸೋದ್ಯಮ ನೀತಿಯಲ್ಲಿ ಕ್ಯಾರಾವಾನ್ ಪ್ರವಾಸದ ಪ್ರಸ್ತಾಪ ಸೇರಿತು. ನೆರೆಯ ಕೇರಳವಂತೂ 2021ರಲ್ಲಿ ಅದಕ್ಕೆಂದೇ ಪ್ರತ್ಯೇಕ ನೀತಿಯೊಂದನ್ನು ಪ್ರಕಟಿಸಿತು. ಗಾಡಿಯೆಂದ ಮೇಲೆ ಅದು ಎಲ್ಲಿಯಾದರೂ ನಿಲ್ಲಲೇಬೇಕು. ಕಾಣಲು ಚೆಂದವಿರುವ, ಕಾಸು ಕಡಿಮೆ ಬೀಳುವ ಜಾಗದಲ್ಲಿಯೇ ನಿಲ್ಲಬಯಸುತ್ತದೆ. ಮಲೆನಾಡಿನಲ್ಲಿ ಅಂಥ ಜಾಗವೆಂದರೆ ಯಾವುದು? ಗುಡ್ಡದ ನೆತ್ತಿಯ ಹುಲ್ಲುಗಾವಲು, ಹಿನ್ನೀರಿನ ದಂಡೆ, ಊರ ಹೊರಗಿನ ಗೋಮಾಳ. ಆದ್ದರಿಂದ, ಈ ಹಾದಿಯಲ್ಲಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ನಡೆದವರ ಅನುಭವವೇನೆಂದು ಈಗಲೇ ನೋಡಿಕೊಳ್ಳುವುದು ಒಳಿತು.

ಗಾಡಿಮನೆಯವರಲ್ಲಿ ಎರಡು ಬಗೆಯವರಿದ್ದಾರೆ. ಕೋಟಿ ಬೆಲೆಯ ಬಸ್ಸಿನಂಥ ವಾಹನದಲ್ಲಿ ನಿವೃತ್ತಿಯ ದಿನಗಳನ್ನು ಕಳೆಯುವ ಸ್ಥಿತಿವಂತರು ಒಂದು ಬಗೆ. ಅವರ ಚಿಂತೆ ನಮಗೆ ಬೇಡ. ಇನ್ನೊಂದು ಬಗೆಯವರು 2008ರ ಆರ್ಥಿಕ ಕುಸಿತದಲ್ಲಿ ಮನೆ ಕಳೆದುಕೊಂಡವರು, ಬಾಡಿಗೆ ತೆರಲಾರದವರು, ಅರುವತ್ತು ದಾಟಿದ ಮೇಲೂ ಸುಗ್ಗಿಯಿಂದ ಸುಗ್ಗಿಗೆ ಕೂಲಿ ಅರಸಿ ಅಲೆಯುವವರು. ಜೆಸಿಕಾ ಬ್ರೂಡರ್ ಅವರ ‘ನೊಮ್ಯಾಡ್‌ಲ್ಯಾಂಡ್’ ಎಂಬ 2017ರ ಪುಸ್ತಕವೂ, ಅದನ್ನಾಧರಿಸಿ ಬಂದ 2020ರ ಚಲನಚಿತ್ರವೂ ಹೇಳುವುದು ಇವರ ಕಥೆಯನ್ನೇ. ಜಿಪ್ಸಮ್ ಕಾರ್ಖಾನೆ ಮುಚ್ಚಿದಾಗ 2011ರಲ್ಲಿ ಊರಿಗೆ ಊರೇ ಬರಿದಾದ ನೆವಾಡಾದ ಎಂಪೈರ್‌ನಿಂದ ಆ ಕಥೆ ಹೊರಡುತ್ತದೆ.

ಇಂಥವರ ಲೆಕ್ಕವನ್ನು ನೋಡಿ. ಖಾಸಗಿ ಗಾಡಿತಾಣವೊಂದರಲ್ಲಿ ನೀರು, ವಿದ್ಯುತ್ತು, ಕೊಳೆನೀರಿನ ಕೊಳವೆ ಎಲ್ಲವೂ ಇರುತ್ತವೆ; ಬೆಲೆ ರಾತ್ರಿಗೆ 50 ಡಾಲರ್ ಎಂದೇ ಹಿಡಿಯೋಣ, ಚೆಂದದ ತಾಣಗಳಲ್ಲಿ ಇನ್ನೂ ಹೆಚ್ಚು. ತಿಂಗಳಿಗೆ 1,500 ಡಾಲರ್ ಆಯಿತು. ಅಲ್ಲಿಯ ನಿವೃತ್ತರಿಗೆ ಸಾಮಾಜಿಕ ಭದ್ರತೆಯಿಂದ ಬರುವ ತಿಂಗಳ ವೇತನ 2025ರಲ್ಲಿ ಸರಾಸರಿ ಸುಮಾರು 2,000 ಡಾಲರ್. ದುಡಿಮೆಯ ಕಾಲದಲ್ಲಿ ಕೂಲಿ ಕಡಿಮೆ ಪಡೆದವರಿಗೆ ಅದರ ಅರ್ಧವೂ ಬಾರದು. ಅಂದಮೇಲೆ ಬಾಡಿಗೆಯಿಂದ ತಪ್ಪಿಸಿಕೊಳ್ಳಲು ಗಾಡಿ ಹತ್ತಿದವರು ಮತ್ತೆ ಬಾಡಿಗೆಗೇ ಸಿಕ್ಕಿಬಿದ್ದಂತೆ. ಅವರನ್ನು ಉಳಿಸಿರುವುದು ಮಾರುಕಟ್ಟೆಯಲ್ಲ, ಸಾರ್ವಜನಿಕ ನೆಲ.

ಆ ದೇಶದಲ್ಲಿ ಭೂ ನಿರ್ವಹಣಾ ಇಲಾಖೆಯೊಂದರ ಕೈಯಲ್ಲಿಯೇ ಸುಮಾರು 24.5 ಕೋಟಿ ಎಕರೆ ನೆಲವಿದೆ. ದೇಶದ ಒಟ್ಟು ನೆಲದ ಹತ್ತರಲ್ಲೊಂದು ಪಾಲು. ಅರಣ್ಯ ಸೇವೆಯ ಕೈಯಲ್ಲಿ ಇನ್ನೂ 19.3 ಕೋಟಿ ಎಕರೆ. ಎರಡರ ಬಹುಭಾಗವೂ ಪಶ್ಚಿಮದ ರಾಜ್ಯಗಳಲ್ಲಿ ಮತ್ತು ಅಲಾಸ್ಕಾದಲ್ಲಿ ಹರಡಿದೆ. ನಕಾಶೆಯಲ್ಲಿ ಮೊದಲನೆಯದಕ್ಕೆ ಹಳದಿ, ಎರಡನೆಯದಕ್ಕೆ ಹಸಿರು. ಗಾಡಿಮನೆಯ ಅನುಭವಿಗಳು ಊರಿನ ಹೆಸರನ್ನಲ್ಲ, ಈ ಬಣ್ಣಗಳನ್ನು ನೋಡಿಕೊಂಡು ದಾರಿ ಹಿಡಿಯುತ್ತಾರೆ. ಹಳದಿ ನೆಲದ ಹೆಚ್ಚಿನ ಭಾಗದಲ್ಲಿ ಯಾರು ಬೇಕಾದರೂ ಬಿಡಿಕಾಸು ತೆರದೆ ಬೀಡುಬಿಡಬಹುದು. ಸಾಮಾನ್ಯ ನಿಯಮವೆಂದರೆ, 28 ದಿನಗಳಲ್ಲಿ ಒಂದೆಡೆ 14 ದಿನ ಮಾತ್ರ. ಬಳಿಕ ಗಾಡಿ ಕಿತ್ತು ಇಲಾಖೆ ಹೇಳಿದಷ್ಟು ದೂರ, ಅನೇಕ ಕಡೆ 25 ಮೈಲಿ, ಹೋಗಲೇಬೇಕು. ದಕ್ಷಿಣ ಡಕೋಟಾದಲ್ಲಿ ಬಫೆಲೊ ಗ್ಯಾಪ್ ಎಂಬ ರಾಷ್ಟ್ರೀಯ ಹುಲ್ಲುಗಾವಲಿದೆ. ಅದರ ಅಂಚಿನಲ್ಲಿ ಗಾಡಿ ನಿಲ್ಲಿಸಿದರೆ ಬ್ಯಾಡ್‌ಲ್ಯಾಂಡ್ಸ್‌ನ ಕೊರಕಲು ಬೆಟ್ಟಗಳು ಕಾಲಕೆಳಗೇ ಹಾಸಿಕೊಳ್ಳುತ್ತವೆ; ನೂರು ಡಾಲರ್ ಕೊಟ್ಟರೂ ಹೋಟೆಲಿನ ಕಿಟಕಿಯಲ್ಲಿ ಸಿಗದ ನೋಟ.

ಋತುವೂ ಇವರಿಗೆ ಗುರು. ಎತ್ತರ ಒಂದು ಕಿಲೋಮೀಟರ್ ಏರಿದರೆ ಉಷ್ಣತೆ ಸುಮಾರು ಆರೂವರೆ ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆಂಬ ಪಾಠವನ್ನು ಶಾಲೆಯಲ್ಲಿ ಓದಿ ಮರೆತವರು ಕೂಡ ಗಾಡಿಯಲ್ಲಿ ಅದನ್ನೇ ಬದುಕುತ್ತಾರೆ. ಚಳಿಗಾಲಕ್ಕೆ ಅರಿಜೋನಾದ ತಗ್ಗಿನ ಮರುಭೂಮಿ, ಬೇಸಗೆಗೆ ಎತ್ತರದ ಪೈನ್ ಕಾಡು. ನಮ್ಮ ಕುರಿಗಾಹಿಗಳ ವಲಸೆಯ ಲೆಕ್ಕವೂ ಇಂಥದೇ, ಮೇವಿನ ಬದಲಿಗೆ ಇಲ್ಲಿ ಹವೆಯನ್ನು ಬೆನ್ನುಹತ್ತುವುದೊಂದೇ ವ್ಯತ್ಯಾಸ.

ಈ ವ್ಯವಸ್ಥೆಯಲ್ಲಿ ನನಗೆ ಮೆಚ್ಚುಗೆಯಾದುದು ಅರಿಜೋನಾದ ಕ್ವಾರ್ಟ್ಸೈಟ್ ಎಂಬ ಪುಟ್ಟ ಊರಿನ ಏರ್ಪಾಡು. ಎರಡು-ಮೂರು ಸಾವಿರ ಜನರ ಊರು. ಚಳಿಗಾಲದಲ್ಲಿ ಸುತ್ತಲ ಬಯಲಿಗೆ ಗಾಡಿಮನೆಗಳು ಹತ್ತಾರು ಸಾವಿರ ಸಂಖ್ಯೆಯಲ್ಲಿ ಬಂದಿಳಿಯುತ್ತವೆ. ಎಲ್ಲರನ್ನೂ ಎಲ್ಲೆಡೆ ಬಿಟ್ಟರೆ ಮರುಭೂಮಿಯ ನೆಲದ ತೆಳು ತೊಗಲು ಹರಿದುಹೋಗುತ್ತದೆ. ಓಡಿಸಿದರೆ ಈ ಮುದುಕರು ಹೋಗುವುದೆಲ್ಲಿಗೆ? ಇಲಾಖೆ 1983ರಿಂದ ಮಧ್ಯದ ದಾರಿಯೊಂದನ್ನು ಹಿಡಿಯಿತು. ಲಾ ಪೋಸಾ ಎಂಬ, 11,000 ಎಕರೆಗೂ ಮಿಕ್ಕ ಬಯಲೂ ಸೇರಿದಂತೆ ಕೆಲವು ಕಡೆ ದೀರ್ಘಾವಧಿ ಬೀಡುಗಳನ್ನು ಗುರುತಿಸಿ, ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರ ವರೆಗೆ ಅಲ್ಲಿ ನೆಲೆಸಲು ಪರವಾನಗಿ ಕೊಡತೊಡಗಿತು. 2020ರ ದಶಕದ ಆರಂಭದಲ್ಲಿ ಏಳು ತಿಂಗಳ ಆ ಪರವಾನಗಿಗೆ 180 ಡಾಲರ್ ಇತ್ತು; ದಿನಕ್ಕೆ ಒಂದು ಡಾಲರಿಗಿಂತಲೂ ಕಡಿಮೆ. ಲಾ ಪೋಸಾದಲ್ಲಿ ಕುಡಿಯುವ ನೀರು, ಕಸದ ತೊಟ್ಟಿ, ಮಲದ ತೊಟ್ಟಿಯನ್ನು ಬರಿದುಮಾಡುವ ಜಾಗ ಈ ಹಣದಲ್ಲಿಯೇ ಸೇರಿದ್ದವು. ನೆಲವನ್ನು ಮಾರಲಿಲ್ಲ, ಗುತ್ತಿಗೆಗೆ ಕೊಡಲಿಲ್ಲ. ಇಂತಿಷ್ಟು ಜಾಗ, ಇಂತಿಷ್ಟು ಕಾಲ ಎಂದು ಗೆರೆ ಎಳೆದರು, ಅಷ್ಟೆ.

ಮಲದ ತೊಟ್ಟಿಯ ಮಾತು ಬಂದುದರಿಂದ ಅದನ್ನು ಸಂಕೋಚಪಡದೆ ಹೇಳಿಬಿಡಬೇಕು, ಏಕೆಂದರೆ ಪ್ರವಾಸದ ಕರಪತ್ರಗಳಲ್ಲಿ ಇದೊಂದು ಕಾಣಸಿಗುವುದಿಲ್ಲ. ಗಾಡಿಮನೆಯಲ್ಲಿ ಮೂರು ತೊಟ್ಟಿಗಳಿರುತ್ತವೆ. ಒಂದು ಶುದ್ಧ ನೀರಿನದು, ಇನ್ನೊಂದು ಪಾತ್ರೆ ತೊಳೆದ, ಮಿಂದ ಬೂದು ನೀರಿನದು, ಮೂರನೆಯದು ಕಪ್ಪು ನೀರಿನದು, ಅಂದರೆ ಶೌಚದ್ದು. ಬೀಡಿನ ನಿಜವಾದ ಅವಧಿಯನ್ನು ನಿರ್ಧರಿಸುವುದು ನೋಟವಲ್ಲ, ಈ ತೊಟ್ಟಿಗಳು. ತುಂಬಿದೊಡನೆ ನಿಗದಿತ ಜಾಗಕ್ಕೆ ಒಯ್ದು ಬರಿದುಮಾಡಬೇಕು. ಗಾಡಿಯಲ್ಲಿ ಶೌಚವಿಲ್ಲದವರು ನೀರಿನ ಸೆಲೆಯಿಂದ 200 ಅಡಿ ದೂರದಲ್ಲಿ ಆರರಿಂದ ಎಂಟು ಅಂಗುಲ ಆಳದ ಗುಂಡಿ ತೋಡಬೇಕೆಂಬುದು ಅಲ್ಲಿಯ ಶಿಸ್ತು. ಮರುಭೂಮಿಯ ಒಣ ಮಣ್ಣಿನಲ್ಲಿ ಅದೂ ಕೊಳೆಯಲು ಬಹುಕಾಲ ಬೇಕಾದ್ದರಿಂದ, ಕೆಲವು ತಾಣಗಳಲ್ಲಿ ಮಲವನ್ನು ಚೀಲದಲ್ಲಿ ಕಟ್ಟಿ ಹೊತ್ತೊಯ್ಯುವುದು ಕಡ್ಡಾಯ. ವರ್ಷಕ್ಕೆ ಇನ್ನೂರು ಅಂಗುಲ ಮಳೆ ಸುರಿಯುವ, ಊರಿಗೆಲ್ಲ ಒಂದೇ ಹಳ್ಳದ ನೀರಾಗಿರುವ ನಮ್ಮ ಘಟ್ಟದಲ್ಲಿ ಇದೇ ತೊಟ್ಟಿ ಎಲ್ಲಿ ಬರಿದಾಗುತ್ತದೆ? ಗಾಡಿಗಳನ್ನು ಸ್ವಾಗತಿಸುವ ಮುನ್ನ ಕೇಳಬೇಕಾದ ಮೊದಲ ಪ್ರಶ್ನೆ ಇದು. ಎರಡನೆಯ ಪ್ರಶ್ನೆಗೆ ಆಮೇಲೆ ಬರುತ್ತೇನೆ.

ಬಿಟ್ಟಿಯಾಗಿ ದೊರೆಯುವ ಚೆಲುವಿಗೆ ಆಯುಷ್ಯ ಕಡಿಮೆ ಎಂಬುದನ್ನೂ ಅಲ್ಲಿಯವರು ಕಂಡುಕೊಂಡಿದ್ದಾರೆ. ಕ್ಯಾಲಿಫೋರ್ನಿಯಾದ ಅಲಬಾಮಾ ಹಿಲ್ಸ್ ಅದಕ್ಕೆ ನಿದರ್ಶನ. 14,505 ಅಡಿ ಎತ್ತರದ ವ್ಹಿಟ್ನಿ ಶಿಖರಕ್ಕೆ ಎದುರಾಗಿ ದುಂಡು ಬಂಡೆಗಳ ನಡುವೆ ಎಲ್ಲಿ ಬೇಕೆಂದರಲ್ಲಿ ಮಲಗಬಹುದಾಗಿದ್ದ ಜಾಗವದು. ಅದರ ಚಿತ್ರಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದಂತೆ ಗಾಡಿಗಳು ಹೆಚ್ಚಿದವು, ಬಂಡೆಗಳ ನಡುವೆ ಹೊಸ ಗಾಡಿಜಾಡುಗಳು ಮೂಡಿದವು, ಪೊದೆಗಳು ನೆಲಕಚ್ಚಿದವು. 2019ರಲ್ಲಿ ಅದನ್ನು ರಾಷ್ಟ್ರೀಯ ದೃಶ್ಯ ಪ್ರದೇಶವೆಂದು ಸಾರಲಾಯಿತು. ಅನಂತರ ಗುರುತಿಸಿದ ತಾಣಗಳಲ್ಲಿ, ಪರವಾನಗಿ ಪಡೆದು ಮಾತ್ರ ತಂಗಬೇಕೆಂಬ ಕಟ್ಟಳೆ ಬಂತು. ಪರವಾನಗಿಗೆ ಹಣವಿಲ್ಲ, ಮಿತಿಯಿದೆ. ನಮ್ಮಲ್ಲಿ 2024ರ ಜನವರಿಯ ಕೊನೆಯಲ್ಲಿ ಕುಮಾರಪರ್ವತದ ಕಾಲುದಾರಿಯಲ್ಲಿ ಸಾವಿರಾರು ಜನ ಸಾಲುಗಟ್ಟಿ ನಿಂತ ಚಿತ್ರವನ್ನು ನೋಡಿದ ಮೇಲಷ್ಟೇ ಚಾರಣಕ್ಕೆ ಮಿತಿ ಬಂದುದನ್ನು ಇಲ್ಲಿ ನೆನೆಯಬಹುದು. ಎರಡೂ ಕಡೆ ಮಿತಿ ಬಂದುದು ಹಾನಿಯ ತರುವಾಯ.

ಈ ವ್ಯವಸ್ಥೆಯನ್ನು ನಾನು ಹೊಗಳಿದೆನೆಂದು ಅದರ ಬುಡದಲ್ಲಿರುವ ಅನ್ಯಾಯ ಮರೆಯಾಗಬಾರದು. ಈ ‘ಸಾರ್ವಜನಿಕ’ ನೆಲ ಸಾರ್ವಜನಿಕವಾದುದು ಹೇಗೆ? ಅಲ್ಲಿ ಬಾಳುತ್ತಿದ್ದ ಮೂಲನಿವಾಸಿಗಳನ್ನು ಒಕ್ಕಲೆಬ್ಬಿಸಿ. ಬ್ಯಾಡ್‌ಲ್ಯಾಂಡ್ಸ್‌ನ ಸುತ್ತಲ ಹುಲ್ಲುಗಾವಲು ಲಕೋಟ ಜನರದು. ವ್ಹಿಟ್ನಿಯ ತಪ್ಪಲು ಪೈಯೂಟ್ ಮತ್ತು ಶೋಶೋನಿ ಜನರದು. ಇನ್ನೂ ಹತ್ತಿರದಿಂದ ನಮ್ಮನ್ನು ತಟ್ಟುವುದು ಸೇನಾ ಎಂಜಿನಿಯರುಗಳ ಇಲಾಖೆಯ ತಾಣಗಳು. ಅಣೆಕಟ್ಟುಗಳ ಬಳಿ, ಜಲಾಶಯಗಳ ದಂಡೆಯಲ್ಲಿ ಆ ಇಲಾಖೆ ನಡೆಸುವ ಬೀಡುಗಳು ಅಗ್ಗವೂ ಅಂದವೂ ಆಗಿವೆಯೆಂದು ಗಾಡಿಮನೆಯವರು ಕೊಂಡಾಡುತ್ತಾರೆ. ಉತ್ತರ ಡಕೋಟಾದಲ್ಲಿ ಮಿಸ್ಸೌರಿ ನದಿಗೆ ಕಟ್ಟಿದ ಗ್ಯಾರಿಸನ್ ಅಣೆಕಟ್ಟಿನ ಬುಡದಲ್ಲಿಯೂ ಅಂಥದೊಂದು ಬೀಡಿದೆ. ಆ ಕಟ್ಟೆಯ ಹಿಂದೆ 1953ರ ಬಳಿಕ ನಿಂತ ನೀರು ಮಂಡನ್, ಹಿದಾತ್ಸ, ಅರಿಕಾರ ಜನರ ಒಂದೂವರೆ ಲಕ್ಷ ಎಕರೆಗೂ ಮಿಕ್ಕ ನೆಲವನ್ನು, ಎಲ್ಬೋವುಡ್ಸ್ ಎಂಬ ಅವರ ಮುಖ್ಯ ಊರನ್ನೂ ಸೇರಿಸಿ, ನುಂಗಿತು. ಲಿಂಗನಮಕ್ಕಿಯ ಹಿನ್ನೀರಿನ ದಂಡೆಯಲ್ಲಿ ಇಂದು ಡೇರೆ ಹೂಡಿ ಸೂರ್ಯಾಸ್ತಕ್ಕೆ ಕಾಯುವ ಪ್ರವಾಸಿಗನಿಗೆ, ಆ ನೀರಿನಡಿ 1964ರ ವರೆಗೆ ಯಾರ ತೋಟವಿತ್ತೆಂದು ಯಾರು ಹೇಳಬೇಕು? ಮುಳುಗಡೆಯ ಸಂತ್ರಸ್ತರಲ್ಲಿ ಅನೇಕರಿಗೆ ಇನ್ನೂ ಹಕ್ಕುಪತ್ರಕ್ಕಾಗಿ ಅಲೆದಾಟ ತಪ್ಪಿಲ್ಲ. ದಂಡೆಯ ನೋಟಕ್ಕೆ ಮಾತ್ರ ಬೆಲೆ ಕಟ್ಟಿಯಾಗಿದೆ.

ಕಸಿದುಕೊಂಡ ನೆಲವಾದರೂ ಅದು ಹರಾಜಾಗದೆ ಎಲ್ಲರದಾಗಿ ಉಳಿದಿರುವುದರಲ್ಲಿ ಬಡವನ ಪಾಲೊಂದಿದೆ. ಆ ಪಾಲು ಈಗ ಕರಗತೊಡಗಿದೆ. 62 ದಾಟಿದವರಿಗೆ ಜೀವನಪರ್ಯಂತ ನಡೆಯುವ, ಅನೇಕ ಸರ್ಕಾರಿ ಬೀಡುಗಳಲ್ಲಿ ಅರ್ಧ ಬೆಲೆಗೆ ತಂಗಲು ಬಿಡುವ ಪಾಸು 2017ರ ಆಗಸ್ಟ್‌ವರೆಗೆ 10 ಡಾಲರ್ ಇತ್ತು. ಒಮ್ಮೆಗೇ 80 ಆಯಿತು. 2024ರ ಜೂನ್‌ನಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಓರೆಗಾನ್‌ನ ಗ್ರ್ಯಾಂಟ್ಸ್ ಪಾಸ್ ನಗರದ ಮೊಕದ್ದಮೆಯಲ್ಲಿ, ಮಲಗಲು ಬೇರೆ ಜಾಗವಿಲ್ಲದವರೂ ಸಾರ್ವಜನಿಕ ಜಾಗದಲ್ಲಿ ಬೀಡುಬಿಟ್ಟರೆ ನಗರಗಳು ದಂಡಿಸಬಹುದೆಂದು ಆರಕ್ಕೆ ಮೂರರ ಬಹುಮತದಿಂದ ತೀರ್ಪಿತ್ತಿತು. ನಗರ ನೂಕಿದವರು ಹಳದಿ ನೆಲಕ್ಕೆ ಬರುತ್ತಾರೆ. ಮರುವರ್ಷ, 2025ರ ಜೂನ್‌ನಲ್ಲಿ, ಆ ನೆಲವನ್ನೇ ಮಾರುವ ಯೋಚನೆ ಬಂತು. ಯೂಟಾದ ಸೆನೆಟರ್ ಮೈಕ್ ಲೀ ಅವರು ಪಶ್ಚಿಮದ 11 ರಾಜ್ಯಗಳಲ್ಲಿ 20-30 ಲಕ್ಷ ಎಕರೆಯಷ್ಟು ಸಾರ್ವಜನಿಕ ನೆಲವನ್ನು ಮಾರುವ ವಿಧಿಯನ್ನು ಆಯವ್ಯಯದ ಮಸೂದೆಯೊಳಗೆ ಸೇರಿಸಲು ಹೊರಟಿದ್ದರು. ಅದನ್ನು ತಡೆದವರು ಪರಿಸರವಾದಿಗಳಷ್ಟೇ ಅಲ್ಲ. ಬೇಟೆಗಾರರು, ಮೀನು ಹಿಡಿಯುವವರು, ಚಾರಣಿಗರು, ಅವರದೇ ಪಕ್ಷದ ಕೆಲವು ಶಾಸಕರು ಎಲ್ಲರೂ ಎದ್ದುನಿಂತರು. ತಿಂಗಳು ಮುಗಿಯುವ ಮೊದಲೇ ಪ್ರಸ್ತಾಪ ಹಿಂದಕ್ಕೆ ಹೋಯಿತು. ಪರಸ್ಪರ ಮುಖ ನೋಡದವರನ್ನು ಒಂದೆಡೆ ಸೇರಿಸಿದ್ದು, ಆ ನೆಲದ ಮೇಲೆ ತನಗೂ ಒಂದು ರಾತ್ರಿಯ ಹಕ್ಕಿದೆಯೆಂಬ ಅರಿವು.

ಈಗ ಎರಡನೆಯ ಪ್ರಶ್ನೆ. ನಮ್ಮ ಸಾಮೂಹಿಕ ನೆಲದ ಮೇಲೆ ನಮಗೆ ಅಂಥ ಅರಿವಿದೆಯೆ? ನೂರು ಜಾನುವಾರಿಗೆ 30 ಎಕರೆ ಗೋಮಾಳವಿರಬೇಕೆಂದು ಕರ್ನಾಟಕ ಭೂಕಂದಾಯ ನಿಯಮಗಳು ಹೇಳುತ್ತವೆ. 1964ರ ಭೂಕಂದಾಯ ಕಾಯಿದೆಯ 79ನೆಯ ವಿಧಿ ಕುಮ್ಕಿ, ಬಾಣೆ, ಕಾನು, ಸೊಪ್ಪಿನಬೆಟ್ಟಗಳಲ್ಲಿ ರೈತನಿಗಿರುವ ಸವಲತ್ತನ್ನು ಮಾನ್ಯಮಾಡುತ್ತದೆ. ಉತ್ತರ ಕನ್ನಡದಲ್ಲಿ ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆ ಬೆಟ್ಟವೆಂಬ ಹಳೆಯ ಲೆಕ್ಕ ಎಲ್ಲರಿಗೂ ಗೊತ್ತು. ಅದು ಸೊಪ್ಪಿಗೆ, ದರಕಿಗೆ, ಮೇವಿಗೆ ಇರುವ ಸವಲತ್ತು. ಡೇರೆ ಹೂಡಿಸಿ ರಾತ್ರಿಗಿಷ್ಟೆಂದು ವಸೂಲಿ ಮಾಡುವ ಒಡೆತನವಲ್ಲ. ಆದರೂ ಬೆಟ್ಟದ ತುದಿಯನ್ನು ಸಮತಟ್ಟು ಮಾಡಿ ಡೇರೆ ಸಾಲು ನಿಲ್ಲಿಸಿದವರಲ್ಲಿ ಹೊರಗಿನ ಬಂಡವಾಳಗಾರರಷ್ಟೇ ಅಲ್ಲ, ನಮ್ಮವರೂ ಇದ್ದಾರೆ. ಅಡಿಕೆಗೆ ಎಲೆಚುಕ್ಕಿ ರೋಗ ಬಡಿದ ವರ್ಷ ಇನ್ನೇನು ಮಾಡುವುದೆಂದು ಅವರು ಕೇಳಿದರೆ ಒರಟಾಗಿ ಉತ್ತರಿಸಲು ನನಗೆ ಮನಸ್ಸು ಬರುವುದಿಲ್ಲ. ತನ್ನ ಸ್ವಂತ ಹಿಡುವಳಿಯ ಅಂಗಳದಲ್ಲಿ ಎರಡು ಗಾಡಿ ನಿಲ್ಲಿಸಿಕೊಂಡು, ತೊಟ್ಟಿಯ ಹೊಣೆಯನ್ನೂ ಹೊತ್ತು, ಊಟವಿಕ್ಕಿ ನಾಲ್ಕು ಕಾಸು ನೋಡುವ ರೈತನ ಬಗೆಗೆ ನನ್ನ ಆಕ್ಷೇಪವಿಲ್ಲ. ಅದೇ ಗಾಡಿಗಳಿಗೆ ಗೋಮಾಳವನ್ನು ಮೂವತ್ತು ವರ್ಷದ ಗುತ್ತಿಗೆಗೆ ಕೊಟ್ಟು ಬೇಲಿ ಬಿಗಿದರೆ, ಅಲ್ಲಿ ಊರಿನ ದನಕ್ಕೂ ಜಾಗವಿರದು, ಬಡ ಪ್ರವಾಸಿಗೂ ಜಾಗವಿರದು.

ಆದ್ದರಿಂದ ಕ್ಯಾರಾವಾನ್ ತಾಣದ ಹೆಸರಿನಲ್ಲಿ ಯಾವುದೇ ಪ್ರಸ್ತಾಪ ನಿಮ್ಮ ಪಂಚಾಯಿತಿಗೆ ಬಂದರೆ, ಗ್ರಾಮಸಭೆಗೆ ಹೋಗುವಾಗ ಸರ್ವೆ ನಂಬರನ್ನೂ ಪಹಣಿಯ ಪ್ರತಿಯನ್ನೂ ಕೈಯಲ್ಲಿ ಹಿಡಿದುಕೊಂಡು ಹೋಗಿ. ಅದು ಗೋಮಾಳವೋ, ಸೊಪ್ಪಿನಬೆಟ್ಟವೋ, ಖಾಸಗಿ ಹಿಡುವಳಿಯೋ ಎಂಬುದು ಮೊದಲು ನಡಾವಳಿಯಲ್ಲಿ ದಾಖಲಾಗಲಿ. ದಿನಕ್ಕೆ ಎಷ್ಟು ಗಾಡಿ, ಮಳೆಗಾಲದ ಎಷ್ಟು ತಿಂಗಳು ಮುಚ್ಚುವುದು, ಕಪ್ಪು ನೀರು ಯಾವ ಹಳ್ಳದ ಮೇಲ್ಭಾಗದಲ್ಲಿ ಇಳಿಯುತ್ತದೆ ಎಂಬುದು ಬರಹದಲ್ಲಿ ಬರಲಿ. ಪಹಣಿ ಓದಲು ಬಾರದ ಹಿರಿಯರ ಜತೆಗೆ ಕಾಲೇಜಿನ ವಿದ್ಯಾರ್ಥಿಗಳು ಹೋಗಬೇಕು. ಗ್ರಾಮಸಭೆಗಳಿಗೆ ಹತ್ತು ಜನ ಬರುವುದೇ ಕಷ್ಟವೆಂದು ನನಗೂ ಗೊತ್ತು. ಆ ಹತ್ತು ಜನರಲ್ಲಿ ನೀವಿಬ್ಬರಿರಿ.