ಪಹಣಿಯ ಕೀಲಿ ಯಾರ ಕೈಯಲ್ಲಿ?

ಚಳ್ಳಕೆರೆಯಲ್ಲಿ ಮಾಹಿತಿ ಸುರಕ್ಷತೆಯ ಮಾತು ಬಂದರೆ ಮೊದಲು ನೆನಪಾಗುವುದು ಅಮೃತಮಹಲ್ ಕಾವಲಿನ ಸುತ್ತ ಎದ್ದ ಗೋಡೆಗಳು, 2017ರಲ್ಲಿ ಉದ್ಘಾಟನೆಯಾದ ಡಿಆರ್‌ಡಿಒ ವೈಮಾನಿಕ ಪರೀಕ್ಷಾ ವಲಯ. ಆದರೆ ಇಲ್ಲಿನ ಶೇಂಗಾ ಬೆಳೆಗಾರನಿಗಾಗಲಿ, ನೆರೆಯ ಮೊಳಕಾಲ್ಮುರು ತಾಲ್ಲೂಕಿನ ಒಣಬೇಸಾಯಗಾರನಿಗಾಗಲಿ ಅತಿ ಮುಖ್ಯವಾದ ದಾಖಲೆ ಇರುವುದು ತಾಲ್ಲೂಕು ಕಚೇರಿಯ ‘ಭೂಮಿ’ ತಂತ್ರಾಂಶದಲ್ಲಿ. ಬೆಳೆ ಸಾಲಕ್ಕೂ ವಿಮೆಗೂ ಪಹಣಿಯೇ ಆಧಾರ.

2000ದ ದಶಕದ ಆರಂಭದಲ್ಲಿ ‘ಭೂಮಿ’ ಜಾರಿಗೆ ಬಂದಾಗಲೇ ಸಿಬ್ಬಂದಿಗೆ ಬೆರಳಚ್ಚಿನ ಪ್ರವೇಶ ವ್ಯವಸ್ಥೆ ಕಲ್ಪಿಸಲಾಗಿತ್ತು. ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ಖಾತೆ ಬದಲಾಯಿಸಬಾರದೆಂಬುದು ಅದರ ಆಶಯ. ಯಂತ್ರ ತನ್ನ ಕೆಲಸ ಮಾಡೀತು. ಮೇಲಧಿಕಾರಿಯೇ ತಮ್ಮ ಡಿಜಿಟಲ್ ಸಹಿಯ ಕೀಲಿಯನ್ನು ಆಪರೇಟರನ ಮೇಜಿನಲ್ಲಿ ಬಿಟ್ಟು ಸಭೆಗೆ ಹೊರಟರೆ ಅದು ಏನು ಮಾಡೀತು? ಈ ಅಪಾಯ ಯಾವುದೇ ಒಂದು ತಾಲ್ಲೂಕಿಗೆ ಸೀಮಿತವಲ್ಲ. ಅನ್ಯರ ಸಹಿ ಅಥವಾ ಪಾಸ್‌ವರ್ಡನ್ನು ವಂಚನೆಗೆ ಬಳಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನಡಿ ಮೂರು ವರ್ಷದವರೆಗೆ ಸೆರೆವಾಸವುಂಟು. ಆದರೆ ಕಲಮಿಗಿಂತ ಮೊದಲು ನೌಕರ ನೋಡುವುದು ಸಾಹೇಬರ ನಡೆಯನ್ನು.

ಸಾಹೇಬರನ್ನು ಮಾತ್ರ ದೂರುವುದೂ ಸರಿಯಲ್ಲ. 2011ರ ಸಕಾಲ ಕಾಯ್ದೆಯ ನಂತರ ಅರ್ಜಿಗಳಿಗೆ ಗಡುವು ಬಂತು. ಇದು ಜನರಿಗೆ ಒಳಿತೇ. ಆದರೆ ಪರಿಶೀಲನಾ ಸಭೆಯಲ್ಲಿ ‘ಬಾಕಿ ಎಷ್ಟು’ ಎಂಬ ಪ್ರಶ್ನೆಯಷ್ಟೇ ಬಂದು, ‘ಲಾಗಿನ್ ಯಾರದು’ ಎಂಬ ಪ್ರಶ್ನೆ ಬಾರದಿದ್ದರೆ, ಯಾವುದಕ್ಕೆ ಬೆಲೆಯೆಂಬುದನ್ನು ಸಿಬ್ಬಂದಿ ಬೇಗನೆ ಅರಿಯುತ್ತಾರೆ. ಗ್ರಾಮ ಆಡಳಿತಾಧಿಕಾರಿಗಳು 2024ರ ಸೆಪ್ಟೆಂಬರ್‌ನಲ್ಲೂ 2025ರ ಫೆಬ್ರುವರಿಯಲ್ಲೂ ಮುಷ್ಕರ ಹೂಡಿದಾಗ, ಆ್ಯಪ್‌ಗಳ ಹೊರೆ ಹೇರಿ ಅಗತ್ಯ ಸಲಕರಣೆ ನೀಡಿಲ್ಲವೆಂಬುದು ಪ್ರಮುಖ ದೂರಾಗಿತ್ತು. ಸ್ವಂತ ಮೊಬೈಲಿನಲ್ಲೇ ಸರ್ಕಾರಿ ಕೆಲಸ ಮಾಡಿಸಿ, ಸುರಕ್ಷತೆಯ ಸುತ್ತೋಲೆ ಕಳಿಸುವುದರಲ್ಲಿ ಅರ್ಥವೇನು?

2022ರ ಜೂನ್‌ನಲ್ಲಿ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ ಕೇಂದ್ರ ಸರ್ಕಾರಿ ನೌಕರರಿಗೆ ನೀಡಿದ ಮಾರ್ಗಸೂಚಿಯಲ್ಲಿ 45 ದಿನಕ್ಕೊಮ್ಮೆ ಪಾಸ್‌ವರ್ಡ್ ಬದಲಿಸಲು ಸೂಚಿಸಲಾಗಿತ್ತು. ಗೋಡೆ, ಕಾವಲು ಎಲ್ಲ ಇರುವ ಡಿಆರ್‌ಡಿಒದಲ್ಲೇ, ಪುಣೆಯ ಪ್ರಯೋಗಾಲಯವೊಂದರ ನಿರ್ದೇಶಕರನ್ನು ಗೋಪ್ಯ ಮಾಹಿತಿ ಹಂಚಿಕೊಂಡ ಆರೋಪದ ಮೇಲೆ 2023ರ ಮೇ ತಿಂಗಳಲ್ಲಿ ಬಂಧಿಸಲಾಯಿತು. ಆರೋಪ ಕೇಳಿಬಂದದ್ದು ಕೆಳಹಂತದ ನೌಕರನ ಮೇಲಲ್ಲ ಎಂಬುದು ಗಮನಾರ್ಹ.

ಜಿಲ್ಲಾಡಳಿತ ಮೊದಲು ಮಾಡಬಹುದಾದದ್ದು ಇಷ್ಟು: ತಹಶೀಲ್ದಾರರು ಕ್ಷೇತ್ರ ಭೇಟಿಯಲ್ಲಿದ್ದ ದಿನಗಳ ಪಟ್ಟಿಯನ್ನೂ, ಅದೇ ದಿನ ಅವರ ಸಹಿಯಲ್ಲಿ ವಿಲೇವಾರಿಯಾದ ಖಾತೆ ಬದಲಾವಣೆಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಲಿ. ಇದಕ್ಕೆ ಹೊಸ ತಂತ್ರಾಂಶವೇನೂ ಬೇಕಿಲ್ಲ.