ಕಡೆಯ ನುಡಿ

ಹೊನವಾಡದ ಕಡೆಯ, ತಿಕೋಟಾ–ಬಬಲೇಶ್ವರ ಸೀಮೆಯ ಜನ ನೀವು. ಮೊಹರಂ ರಾತ್ರಿ ರಿವಾಯತ ಪದ ಕೇಳಿದವರು, ಜಾತ್ರೆಯ ಡೊಳ್ಳಿನ ಪದಕ್ಕೆ ಬೆಳ್ಳಿ ಮೂಡುವ ತನಕ ಕೂತವರು. ಪದ ಮುಗಿಯುವಾಗ ಹಾಡುವವರು ದನಿ ಏರಿಸಿ ಊರಿನ ಹೆಸರು, ಗುರುವಿನ ಹೆಸರು, ಕವಿಯ ಹೆಸರು ಹೇಳುತ್ತಾರಲ್ಲ, ಆ ಕಡೆಯ ನುಡಿಗೆ ತಲೆದೂಗಿದವರು. ಓದು ಬರಹ ಕಾಣದ ಜನ ತಮ್ಮ ಹಾಡಿಗೆ ತಾವೇ ಹಾಕಿದ ರುಜು ಅದು. ಅದು ಅಳಿಸಿಹೋಗುತ್ತಿದೆ. ನಿಮಗೆ ಗೊತ್ತಿದೆ.

ಮೊನ್ನೆ ಹಾಡು ಕಟ್ಟಿಕೊಡುವ ಎಐ ಆ್ಯಪ್ ಒಂದರಲ್ಲಿ ‘ಉತ್ತರ ಕರ್ನಾಟಕ ಜಾನಪದ, ಹಲಗಿ, ಗಂಡು ದನಿ’ ಎಂದು ಬರೆದೆ. ಚಹಾ ಆರುವ ಮೊದಲೇ ಎರಡು ಹಾಡು ಬಂದವು. ಏಟು ಹಲಗಿಯದ್ದೇ ಅನಿಸಿತು, ದನಿಯಲ್ಲಿ ಯಾರದೋ ಗಂಟಲಿನ ಬಿರುಕೂ ಇತ್ತು. ಕಡೆಯ ನುಡಿಗಾಗಿ ಕಾದೆ. ಬರಲಿಲ್ಲ.

ಆ ಏಟು ಹುಟ್ಟುವುದು ಹೇಗೆಂದು ನೀವು ಕಂಡಿದ್ದೀರಿ. ಮದುವೆ ಮನೆಯ ಹೊರಗೆ ಒಣಹುಲ್ಲಿಗೆ ಬೆಂಕಿ ಹಚ್ಚಿ, ಹಲಗಿಯ ಚರ್ಮವನ್ನು ಉರಿಗೆ ಹಿಡಿದು, ಬೆರಳಿನಿಂದ ತಟ್ಟಿ, ಕಿವಿಗೊಟ್ಟು, ಸಪ್ಪಳ ಇನ್ನೂ ಮಂದ ಅನಿಸಿದರೆ ಮತ್ತೆ ಕಾಯಿಸಿ, ಅದು ಬಿಗಿದು ಟಣ್ ಎಂದಾಗಲೇ ಹಲಗಿಯವನು ಎದ್ದು ನಿಲ್ಲುವುದು. ಆ ಕಿವಿ ಅವನಿಗೆ ಅಪ್ಪನಿಂದ ಬಂದದ್ದು. ಇಂದು ಲಾಜಿಕ್ ಪ್ರೊ, ಎಫ್‌ಎಲ್ ಸ್ಟುಡಿಯೊದಂಥ ಸಾಫ್ಟ್‌ವೇರ್ ಹಳೆಯ ರೆಕಾರ್ಡಿಂಗಿನಿಂದ ದನಿಯನ್ನೂ ವಾದ್ಯವನ್ನೂ ಬೇರೆ ಬೇರೆ ಬಿಡಿಸಿಕೊಡುತ್ತದೆ. ಅಜ್ಜನ ಸವೆದ ಕ್ಯಾಸೆಟ್ಟಿನಿಂದ ಅಜ್ಜನ ದನಿ ಎತ್ತಿ ಉಳಿಸಿಕೊಳ್ಳಲು ಇದಕ್ಕಿಂತ ದೊಡ್ಡ ಉಪಕಾರ ಇಲ್ಲ. ಆದರೆ ಅದೇ ದನಿಯನ್ನು ಇನ್ನೊಂದು ಎಐ ಕಲಿತು, ಅಜ್ಜ ಎಂದೂ ಹಾಡದ ಹಾಡನ್ನು ಅವನ ಬಾಯಲ್ಲಿ ಹಾಡಿಸಿದರೆ, ಅವನ ಮೊಮ್ಮಗ ಯಾರ ಬಾಗಿಲಿಗೆ ಹೋಗಿ ಕೇಳಬೇಕು?

ದೊಡ್ಡವರಿಗೆ ಬಾಗಿಲಿದೆ. 2024ರ ಜೂನ್‌ನಲ್ಲಿ ಸೋನಿ, ಯೂನಿವರ್ಸಲ್, ವಾರ್ನರ್ ಸಂಗೀತ ಕಂಪನಿಗಳು ಎಐನಿಂದ ಹಾಡು ಕಟ್ಟಿಕೊಡುವ ಸುನೊ, ಯೂಡಿಯೊ ಮೇಲೆ ಅಮೆರಿಕದಲ್ಲಿ ದಾವೆ ಹೂಡಿದವು. ಮರುವರ್ಷ ಯೂನಿವರ್ಸಲ್ ಯೂಡಿಯೊ ಜೊತೆ, ವಾರ್ನರ್ ಎರಡರ ಜೊತೆಗೂ ರಾಜಿಯಾದವು. ತೀರಿಹೋದ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ದನಿಯನ್ನು ಮನೆಯವರನ್ನು ಕೇಳದೆ ಎಐನಿಂದ ಮರಳಿ ತರಿಸಿದಾಗ ಮಗ ಚರಣ್ ನೋಟಿಸು ಕೊಟ್ಟರು. ಎ.ಆರ್. ರಹಮಾನ್ ‘ಲಾಲ್ ಸಲಾಂ’ ಚಿತ್ರಕ್ಕಾಗಿ ತೀರಿಹೋದ ಇಬ್ಬರು ಗಾಯಕರ ದನಿಯನ್ನು ಎಐನಿಂದ ಮರಳಿ ತರಿಸುವ ಮೊದಲು ಮನೆಯವರನ್ನು ಕೇಳಿದರು, ಸಂಭಾವನೆಯನ್ನೂ ಕೊಟ್ಟರು. ಚೌಡಕಿ ಮೀಟಿ ಎಲ್ಲಮ್ಮನ ಪದ ಹಾಡುವ ಜೋಗಮ್ಮನನ್ನು ಯಾರು ಕೇಳಿದರು? ಪ್ರದರ್ಶನ ತನ್ನದೆಂದು ಹೆಸರು ಹೇಳಿಸಿಕೊಳ್ಳುವ ಹಕ್ಕನ್ನು 2012ರಲ್ಲಿ ತಿದ್ದುಪಡಿಯಾದ ನಮ್ಮ ಕೃತಿಸ್ವಾಮ್ಯ ಕಾಯ್ದೆ ಕಲಾವಿದರಿಗೆ ಕೊಟ್ಟಿದೆ. ಅವಳಿಗೆ ಅದು ಗೊತ್ತಿಲ್ಲ. ನಿಮಗೆ ಗೊತ್ತಿದೆ.

ನಿಮ್ಮದೇ ಜಿಲ್ಲೆಯ ಹಲಸಂಗಿ ಗೆಳೆಯರು ಬೀಸುವ ಕಲ್ಲಿನ ಹಾಡುಗಳನ್ನು ಕೂಡಿಸಿ 1931ರಲ್ಲಿ ಪುಸ್ತಕ ಮಾಡಿದರು. ಅದಕ್ಕೆ ‘ಗರತಿಯ ಹಾಡು’ ಎಂದೇ ಹೆಸರಿಟ್ಟರು. ಹಾಡು ಯಾರದೆಂದು ಮುಖಪುಟವೇ ಹೇಳಿತು. ಕಾಗದ, ಪೆನ್ಸಿಲ್ಲು ಬಿಟ್ಟರೆ ಅವರ ಹತ್ತಿರ ಇದ್ದದ್ದು ಆ ಮರ್ಯಾದೆ ಒಂದೇ.

ಸ್ಟುಡಿಯೊ ಇಟ್ಟ ತಮ್ಮಂದಿರೇ, ಜಾನಪದ ಚಾನೆಲ್ ನಡೆಸುವವರೇ, ಮದುವೆಗೆ ಡಿಜೆ ಹೇಳುವ ಯಜಮಾನರೇ, ನೀವು ಕೆಟ್ಟವರಲ್ಲ. ಮಿಕ್ಸರಿನ ಕಂತು ಕಟ್ಟಬೇಕು, ಶುಕ್ರವಾರಕ್ಕೆ ಹಾಡು ಬಿಡಬೇಕು, ಹಲಗಿಯವನನ್ನು ಕರೆಸಿದರೆ ಒಂದು ದಿನ ಹೋಗುತ್ತದೆ, ಗಣಕದ ಹಲಗಿಗೆ ಒಂದು ನಿಮಿಷ ಸಾಕು. ಆ ಒಂದು ದಿನದ ಕೂಲಿಯ ಮೇಲೆ ಒಂದು ಮನೆಯ ಒಲೆ ಉರಿಯುತ್ತದೆ, ಅದು ತಪ್ಪಿದರೆ ಹಲಗಿ ಗೋಡೆಯ ಮೊಳೆಗೆ ಏರುತ್ತದೆ, ಮಗ ಪುಣೆಗೆ ಕೂಲಿಗೆ ಹೋಗುತ್ತಾನೆ, ಕಾಯಿಸಿ ತಟ್ಟಿ ಕೇಳುವ ಆ ಕಿವಿ ಮುಂದಿನ ತಲೆಮಾರಿಗೆ ದಾಟುವುದಿಲ್ಲ. ನಿಮಗೆ ಗೊತ್ತಿದೆ. ಗೊತ್ತಿದ್ದೂ ಮುಖ ತಿರುಗಿಸಬೇಡಿ.

ಹಲಗಿಯವರನ್ನು, ಹಾಡುವವರನ್ನು ಕರೆಸಿ. ದನಿ ಬೇಕಾದರೆ ಕೇಳಿ ತೆಗೆದುಕೊಳ್ಳಿ, ದುಡ್ಡು ಕೊಡಿ, ಹಾಡಿನ ಕೆಳಗೆ ಹೆಸರು ಬರೆಯಿರಿ, ಯಂತ್ರ ಹಾಡಿದ್ದನ್ನು ಯಂತ್ರದ್ದೆಂದೇ ಹೇಳಿ. ಹಾಡುತ್ತ ಹಾಡುತ್ತ ಮುದುಕ ಕಣ್ಣು ಮುಚ್ಚಿ ತನ್ನ ಊರಿನ ಹೆಸರಿಗೆ ಬರುವಾಗ, ಹಾಡು ಉದ್ದವಾಯಿತೆಂದು ರೆಕಾರ್ಡಿಂಗ್ ನಿಲ್ಲಿಸಬೇಡಿ.