ಬಂಡೆಯ ಬರಹವೂ ಗಣಕದ ತೆರೆಯೂ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ಸ್ಥಳಗಳಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳಿರುವುದನ್ನು ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದರು. ಶಾಸನದ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮೀ. ಆದರೆ ಅದನ್ನು ಬರೆದ ಚಪಡನೆಂಬವನು ತನ್ನ ಹೆಸರಿನೊಡನೆ ಬರುವ, ‘ಲಿಪಿಕಾರನಿಂದ’ ಎಂಬರ್ಥದ ಒಂದು ಪದವನ್ನು ಮಾತ್ರ ಖರೋಷ್ಠೀ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಖರೋಷ್ಠಿಯು ಗಂಧಾರದ ಕಡೆಯ ಲಿಪಿ. ವೈಯಾಕರಣ ಪಾಣಿನಿಯ ಸೀಮೆಯೂ ಅದೇ. ಅಷ್ಟು ದೂರದ ವಿದ್ಯೆಯೊಂದು ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಈ ಬಯಲುಸೀಮೆಗೆ ಬಂದು, ಇಲ್ಲಿಯ ಬಂಡೆಯ ಮೇಲೆ ತನ್ನ ಗುರುತನ್ನು ಉಳಿಸಿತು. ತಂದೆತಾಯಿಗಳ ಸೇವೆ, ಪ್ರಾಣಿದಯೆ, ಸತ್ಯವಚನ, ಶಿಷ್ಯನು ಆಚಾರ್ಯನಿಗೆ ಸಲ್ಲಿಸಬೇಕಾದ ಗೌರವ, ಇವು ಶಾಸನದ ವಿಷಯ. ಶಾಲೆಗೆ ಇದಕ್ಕಿಂತ ಹತ್ತಿರವಾದ ಶಾಸನ ಮತ್ತೊಂದು ಇರಲಾರದು. ಸುತ್ತಣ ಪ್ರೌಢಶಾಲೆಗಳ ಮಕ್ಕಳಲ್ಲಿ ಎಷ್ಟು ಮಂದಿ ಆ ಬಂಡೆಯ ಮುಂದೆ ನಿಂತು ಒಂದಕ್ಷರವನ್ನಾದರೂ ಕೂಡಿಸಿ ಓದಿದ್ದಾರೆ?

ಮಕ್ಕಳಲ್ಲಿ ಓದಿನ ಆಸಕ್ತಿ ಕುಗ್ಗುತ್ತಿದೆ ಎಂಬ ದೂರು ಅಧ್ಯಾಪಕರ ಕೊಠಡಿಗಳಲ್ಲಿ ಕೇಳಿಬರುತ್ತಲೇ ಇದೆ. ಮಳೆ ಕೈಕೊಟ್ಟರೆ ಶೇಂಗಾ ಕೈಕೊಡುವ ಸೀಮೆ ಇದು. ಮನೆಯಲ್ಲಿ ಮೊದಲ ಬಾರಿಗೆ ಹತ್ತನೆಯ ತರಗತಿಯನ್ನು ಮುಟ್ಟುವ ಮಗುವಿಗೆ ‘ಓದಿ ಏನಾಗಬೇಕು?’ ಎಂಬ ಪ್ರಶ್ನೆ ಸೋಮಾರಿತನದಿಂದ ಹುಟ್ಟುವುದಿಲ್ಲ. ತನ್ನ ಊರಿನಲ್ಲಿ ತಿಳಿಯತಕ್ಕದ್ದೇನೂ ಇಲ್ಲ, ತಿಳಿಯತಕ್ಕದ್ದೆಲ್ಲ ಬೇರೆಲ್ಲೋ ಇದೆ ಎಂಬ ಭಾವನೆಯಿಂದ ಅದು ಹುಟ್ಟುತ್ತದೆ.

ಈ ರೋಗಕ್ಕೆ ಇಂದು ಎಲ್ಲರೂ ಸೂಚಿಸುವ ಔಷಧ ತೆರೆ. ತರಗತಿಯ ಗೋಡೆಗೊಂದು ತೆರೆ, ಮಗುವಿನ ಕೈಗೊಂದು ತೆರೆ. 2020ರಲ್ಲಿ ಶಾಲೆಗಳು ಮುಚ್ಚಿದಾಗ ದೂರದರ್ಶನದ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಬಂದುದು ಉಪಕಾರವೇ ಆಯಿತು. ಆದರೆ ಮನೆಗೊಂದೇ ಫೋನು, ಅದೂ ತಂದೆಯೊಡನೆ ಹೊಲಕ್ಕೆ ಹೋಗುವ ಫೋನು, ಇರುವ ಕಡೆ ಪಾಠ ಎಷ್ಟರಮಟ್ಟಿಗೆ ತಲುಪಿತೆಂಬುದನ್ನು ಅಧ್ಯಾಪಕರು ಬಲ್ಲರು. ತಲುಪಿದಲ್ಲಿಯೂ ಮಗು ನೋಡುವವನಾಗಿಯೇ ಉಳಿದನು. ನೋಡುವವನ ಉತ್ಸಾಹ ಜಾತ್ರೆಯ ಉತ್ಸಾಹದಂತೆ. ತೇರು ನೆಲೆಗೆ ಬಂದೊಡನೆ ಇಳಿಯುತ್ತದೆ. ದೂರದವರೊಬ್ಬರು ‘ನಿನ್ನ ಊರಿನ ವಿಷಯ ಹೇಳು’ ಎಂದು ಕೇಳಿದಾಗ, ಹೇಳಲು ತನ್ನಲ್ಲಿ ಏನಾದರೂ ಇರಬೇಕಲ್ಲ ಎಂದು ಹುಟ್ಟುವ ತಳಮಳವಾದರೆ ಬಹುಕಾಲ ನಿಲ್ಲುತ್ತದೆ. ಗಣಕವನ್ನೂ ಸಾಂಸ್ಕೃತಿಕ ವಿನಿಮಯವನ್ನೂ ಆ ತಳಮಳವನ್ನೆಬ್ಬಿಸಲು ಬಳಸಬೇಕು.

ಹೇಳಲು ಇಲ್ಲಿ ಏನೂ ಇಲ್ಲವೆ? ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಮಗ್ಗದ ಮೇಲಿನ ಜಕಾರ್ಡನ್ನು ನೇಕಾರರ ಮನೆಯ ಮಗು ತೊಟ್ಟಿಲಿನಿಂದಲೇ ನೋಡಿದೆ. ರಟ್ಟಿನಲ್ಲಿ ರಂಧ್ರವಿದ್ದಲ್ಲಿ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಕೆಳಗೇ ಉಳಿಯುತ್ತದೆ. ಹೊಕ್ಕಿನ ಲಾಳಿ ನಡುವೆ ಹಾಯುತ್ತದೆ. ಹೀಗೆ ಸಾಲು ಸಾಲಾಗಿ ಸೆರಗಿನ ಮೇಲೆ ಚಿತ್ತಾರ ಮೂಡುತ್ತದೆ. ಇದೆ, ಇಲ್ಲ ಎಂಬ ಈ ಎರಡೇ ಮಾತುಗಳ ಮೇಲೆ ಗಣಕಯಂತ್ರವೂ ನಿಂತಿದೆ. 19ನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಜಕಾರ್ಡ್ ರೂಢಿಗೆ ತಂದ ಈ ರಂಧ್ರದ ರಟ್ಟುಗಳನ್ನೇ 1830ರ ದಶಕದಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರದ ಯೋಜನೆಗೆ ಎರವಲು ಪಡೆದನು. ಪಠ್ಯದಲ್ಲಿ ಒಂದು ಸೊನ್ನೆಗಳ ಪಾಠವನ್ನು ಬಾಯಿಪಾಠ ಮಾಡಲು ತಿಣುಕುವ ಹುಡುಗಿಗೆ, ‘ನಿನ್ನ ತಂದೆ ಅದನ್ನು ದಿನವೂ ನೇಯುತ್ತಾರೆ’ ಎಂದು ತೋರಿಸಿಕೊಡುವ ಅಧ್ಯಾಪಕನು ಅಂದಿನ ಪಾಠವನ್ನು ಗೆದ್ದಂತೆಯೇ. ಆ ಹುಡುಗಿಯೇ ಮಗ್ಗದ ಚಲನಚಿತ್ರವನ್ನು ಫೋನಿನಲ್ಲಿ ತೆಗೆದು, ವಿವರಣೆಯನ್ನು ತನ್ನ ದನಿಯಲ್ಲಿ ಸೇರಿಸಿದರೆ ಅದಕ್ಕಿಂತ ದೊಡ್ಡ ಪರೀಕ್ಷೆ ಬೇಕಿಲ್ಲ.

ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿತವರಲ್ಲ. ಹಾಡಿನ ಭಂಡಾರವನ್ನೇ ಕಂಠದಲ್ಲಿಟ್ಟುಕೊಂಡಿದ್ದ ಅವರಿಗೆ ಹಂಪಿಯ ಕನ್ನಡ ವಿಶ್ವವಿದ್ಯಾಲಯವು ನಾಡೋಜ ಗೌರವವನ್ನಿತ್ತಿತು. ವಿದ್ವಾಂಸರು ಹಟ್ಟಿಗೆ ಬಂದು ಬಳಿಯಲ್ಲಿ ಕುಳಿತು ಕೇಳಿದ್ದರಿಂದ ಆ ಹಾಡುಗಳು ಗ್ರಂಥಸ್ಥವಾದವು. ಎಲ್ಲ ಹಟ್ಟಿಗೂ ವಿದ್ವಾಂಸರು ಬರುವುದಿಲ್ಲ. ಎಲ್ಲ ಹಟ್ಟಿಯಿಂದಲೂ ಮಕ್ಕಳು ಶಾಲೆಗೆ ಬರುತ್ತಾರೆ. ಅಜ್ಜಿಯೊಬ್ಬಳು ಹೋದರೆ ಅವಳೊಡನೆ ಹೋಗುವುದನ್ನು ಮತ್ತೆ ತರುವವರಾರು? ಧ್ವನಿಮುದ್ರಣದ ಸಾಧನ ಇಂದು ಮೊಮ್ಮಗನ ಜೇಬಿನಲ್ಲೇ ಇದೆ.

ವಿನಿಮಯದ ಮಾತಿಗೆ ಬಂದರೆ, 2015ರಲ್ಲಿ ಘೋಷಿತವಾದ ‘ಏಕ ಭಾರತ ಶ್ರೇಷ್ಠ ಭಾರತ’ ಯೋಜನೆಯಲ್ಲಿ ಕರ್ನಾಟಕಕ್ಕೆ ಜೊತೆಯಾದ ರಾಜ್ಯ ಉತ್ತರಾಖಂಡ. ಇಂತಹ ವಿನಿಮಯಗಳು ಬಹುಮಟ್ಟಿಗೆ ವೇಷಭೂಷಣ, ವೇದಿಕೆ, ಛಾಯಾಚಿತ್ರಗಳಲ್ಲಿ ಮುಗಿದುಹೋಗುವುದುಂಟು. ಕುಣಿದ ಮಗು ಕುಣಿದು ಮರಳುತ್ತದೆ, ಯಾರೊಡನೆಯೂ ಮಾತನಾಡಿರುವುದಿಲ್ಲ. ಆದರೆ ಉತ್ತರಾಖಂಡದ ಡೆಹ್ರಾಡೂನ್ ಜಿಲ್ಲೆಯಲ್ಲಿ ಯಮುನೆಯ ಬಳಿಯ ಕಾಲ್ಸಿಯಲ್ಲಿಯೂ ಅಶೋಕನ ಶಿಲಾಶಾಸನವಿದೆ, ಬಂಡೆಯ ಮೇಲೆ ಆನೆಯ ರೇಖಾಚಿತ್ರವೂ ಇದೆ. ಒಬ್ಬನೇ ಅರಸನ ಮಾತು, ಒಂದೇ ಲಿಪಿ, ಎರಡು ಬಂಡೆ. ಬ್ರಹ್ಮಗಿರಿಯ ಬಳಿಯ ಮಕ್ಕಳೂ ಕಾಲ್ಸಿಯ ಬಳಿಯ ಮಕ್ಕಳೂ ಒಂದು ವರ್ಷ ಗಣಕದ ತೆರೆಯ ಮೂಲಕ ಭೇಟಿಯಾಗಿ, ತಮ್ಮ ತಮ್ಮ ಬಂಡೆಯ ಅಕ್ಷರಗಳನ್ನು ಪರಸ್ಪರ ಕಲಿಸಿದರೆ, ಅಂಕಕ್ಕಾಗಿ ಓದುವ ತೃತೀಯ ಭಾಷೆ ಹಿಂದಿಯೂ ಒಮ್ಮೆ ಕೆಲಸಕ್ಕೆ ಬಂದೀತು. ಅಷ್ಟು ದೂರ ಬೇಡವೆನ್ನುವವರಿಗೆ ಗಡಿಯಾಚೆ ರಾಯದುರ್ಗವಿದೆ. ಅಲ್ಲಿ ಕನ್ನಡದ ಮನೆಗಳಿವೆ, ಇಲ್ಲಿ ತೆಲುಗಿನ ಮನೆಗಳಿವೆ. ಇದಕ್ಕೆ ಬಸ್ಸಿನ ಟಿಕೇಟು ಸಾಕು.

ಆಕ್ಷೇಪಗಳಿಲ್ಲದಿಲ್ಲ. ಫೋನು ಕೊಟ್ಟರೆ ಮಕ್ಕಳು ಆಟದಲ್ಲಿ ಮುಳುಗುತ್ತಾರೆಂಬ ಪೋಷಕರ ಭಯ ನಿರಾಧಾರವಲ್ಲ. ಉಪಕರಣ ಶಾಲೆಯದಾಗಿರಲಿ, ಕೆಲಸ ಮುಗಿದೊಡನೆ ಬೀರುವಿಗೆ ಸೇರಲಿ. ಮಕ್ಕಳ ಚಿತ್ರವು ಪೋಷಕರ ಒಪ್ಪಿಗೆಯಿಲ್ಲದೆ ಹೊರಗೆ ಹೋಗದಿರಲಿ. ಬೀರುವಿನಿಂದ ಹೊರಬಾರದ ಉಪಕರಣವೂ ದಂಡವೇ. ತನಿಖೆಯ ದಿನ ಮಾತ್ರ ಧೂಳೊರೆಸಿಕೊಳ್ಳುವ ಗಣಕಗಳನ್ನು ಯಾರು ಕಂಡಿಲ್ಲ? ಕನ್ನಡ ಪಂಡಿತರಾದವರಿಗೆ ಇನ್ನೊಂದು ಸಂಕಟವಿದೆ. ಮಕ್ಕಳು ಕನ್ನಡದ ಮಾತನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಕಳುಹಿಸುತ್ತಾರೆ. ಕೆ. ಪಿ. ರಾವ್ ಅವರು ಕನ್ನಡಕ್ಕೆ ಸುಲಭವಾದ ಕೀಲಿಮಣೆಯ ವಿನ್ಯಾಸವನ್ನು ಕೊಟ್ಟು ದಶಕಗಳೇ ಸಂದಿವೆ. ಇದೇ ಜಿಲ್ಲೆಯ ಸಿರಿಗೆರೆಯ ಡಾ. ಶಿವಮೂರ್ತಿ ಶಿವಾಚಾರ್ಯ ಮಹಾಸ್ವಾಮಿಗಳವರು ಪಾಣಿನಿಯ ಸುಮಾರು 4000 ಸೂತ್ರಗಳನ್ನು ‘ಗಣಕಾಷ್ಟಾಧ್ಯಾಯಿ’ಯಾಗಿ ಗಣಕಕ್ಕೆ ಅಳವಡಿಸಿದ್ದಾರೆ. ಹೀಗಿರುವಾಗ ಹಟ್ಟಿಯ ಹಾಡನ್ನು ಕನ್ನಡ ಲಿಪಿಯಲ್ಲಿ ಅಚ್ಚುಮಾಡಲಾಗದೆಂಬ ನೆಪ ನಿಲ್ಲದು.

ಚಳ್ಳಕೆರೆಯ ಹೆಸರು ಈಗ ದೂರದವರಿಗೂ ಪರಿಚಿತ. ಇಲ್ಲಿಯ ಪರೀಕ್ಷಾ ವಲಯದಲ್ಲಿ ಇಸ್ರೋ ಸಂಸ್ಥೆಯ ‘ಪುಷ್ಪಕ್’ ನೌಕೆಯು ಹೆಲಿಕಾಪ್ಟರಿನಿಂದ ಬೇರ್ಪಟ್ಟು 2024ರ ಜೂನ್ 23ರಂದು ತಾನೇ ತಾನಾಗಿ ನೆಲಕ್ಕಿಳಿಯಿತು. ಕುದಾಪುರದ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಅಧ್ಯಾಪಕರಿಗೆ ತರಬೇತಿ ನಡೆಯುತ್ತದೆ. ಅಮೃತಮಹಲ್ ಕಾವಲು ಕೈತಪ್ಪಿ ಕುರಿಗಾಹಿಗಳಿಗಾದ ನಷ್ಟವನ್ನು ಮರೆಯುವಂತಿಲ್ಲ. ಆ ಕುರಿಗಾಹಿಯ ಮಗನಿಗೆ ಗೋಡೆಯಾಚೆಯ ವಿದ್ಯೆಯಲ್ಲಿ ಪಾಲು ಸಿಗದಿದ್ದರೆ ನಷ್ಟ ಇಮ್ಮಡಿಯಾಗುತ್ತದೆ. ತರಬೇತಿ ಪಡೆದು ಬಂದ ವಿಜ್ಞಾನದ ಅಧ್ಯಾಪಕರೂ ಕನ್ನಡದ ಅಧ್ಯಾಪಕರೂ ಕೂಡಿ ಮಾಡಬೇಕಾದ ಕೆಲಸವಿದು.

ದಾನಿಗಳು ಸಾಮಾನ್ಯವಾಗಿ ಕೊಠಡಿ ಕಟ್ಟಿಸುತ್ತಾರೆ, ಕೊಠಡಿಯ ಮೇಲೆ ಹೆಸರು ಉಳಿಯುತ್ತದೆ. ಎರಡು ಒಳ್ಳೆಯ ಧ್ವನಿಗ್ರಾಹಕಗಳು, ಒಂದು ಛಾಯಾಗ್ರಾಹಕ, ಮಕ್ಕಳನ್ನೂ ಅಧ್ಯಾಪಕರಿಬ್ಬರನ್ನೂ ಕಾಲ್ಸಿಗೆ ಕರೆದೊಯ್ಯುವ ರೈಲಿನ ವೆಚ್ಚ, ಇವುಗಳ ಮೇಲೆ ಹೆಸರು ಕೆತ್ತಿಸಲಾಗದು. ಹಳೆಯ ವಿದ್ಯಾರ್ಥಿಗಳಲ್ಲಿ ಯಾರಾದರೂ ಇದನ್ನು ವಹಿಸಿಕೊಳ್ಳುವುದಾದರೆ, ಪ್ರಯಾಣವನ್ನು ಜನವರಿಗೆ ಇಟ್ಟುಕೊಳ್ಳುವುದು ಲೇಸು. ಅಷ್ಟರಲ್ಲಿ ಶೇಂಗಾ ಕೀಳುವ ಕೆಲಸ ಮುಗಿದು ಮಕ್ಕಳಿಗೆ ಮನೆಯಿಂದ ಬಿಡುವು ದೊರೆತಿರುತ್ತದೆ.